ಕಾಗದದ ಬಲಮುರಿ

ಪುಣೆಯ ನಿಗಡಿಯ ನಮ್ಮ ಕಟ್ಟಡದಲ್ಲಿ, ನಮ್ಮ ಮನೆಯ ನೇರ ಮೇಲೆ, ಮೇಘನಾ ಎಂಬ ಬೆಂಗಳೂರಿನ ಹುಡುಗಿ ಇದ್ದಾಳೆ. ಹಿಂಜವಾಡಿಯ ಕಂಪನಿಯೊಂದರಲ್ಲಿ ಕೆಲಸ. ಬೆಳಿಗ್ಗೆ ಕ್ಯಾಬ್ ಹತ್ತಿ ಹೋದವಳು ಟ್ರಾಫಿಕ್ಕಿನಲ್ಲಿ ಹಣ್ಣಾಗಿ ವಾಪಸ್ ಬರುತ್ತಾಳೆ. ಶನಿವಾರ ಭಾನುವಾರ ಮಾತ್ರ ಅವಳ ಮನೆಯಿಂದ ಟಪ್ ಟಪ್ ಎಂದು ಸದ್ದು ಕೇಳುತ್ತದೆ. ಮೇಲಿನವರು ಬೆಳ್ಳುಳ್ಳಿ ಜಜ್ಜುತ್ತಿದ್ದಾರೆ ಎಂದು ನಮ್ಮ ಯಜಮಾನರು ತೀರ್ಮಾನಿಸಿದ್ದರು. ನನಗೆ ಮೊದಲ ದಿನವೇ ಗೊತ್ತಾಯಿತು. ಅದು ರಬ್ಬರಿನ ಶಿಕ್ಕಾ, ಅಂದರೆ ಮೊಹರು, ಒತ್ತುವ ಸದ್ದು, ಅದೂ ತಪ್ಪಾಗಿ ಒತ್ತುವ ಸದ್ದು. ಸರಿಯಾಗಿ ಒತ್ತಿದರೆ ಸದ್ದೇ ಬರುವುದಿಲ್ಲ.

ಒಂದು ಭಾನುವಾರ ತಡೆಯಲಾರದೆ ಮೇಲೆ ಹೋಗಿ ಬಾಗಿಲು ತಟ್ಟಿದೆ. ಊಟದ ಮೇಜಿನ ತುಂಬ ಬಣ್ಣದ ಕಾಗದ, ಶಾಯಿಯ ಪ್ಯಾಡು, ಶಿಕ್ಕಾಗಳು. ಹುಡುಗಿಯ ಮೂಗಿನ ಮೇಲೂ ಒಂದು ನೀಲಿ ಚಿಟ್ಟೆಯ ಅರ್ಧ ರೆಕ್ಕೆ ಮೂಡಿತ್ತು. ಕೈಯಿಂದ ಮಾಡಿದ ಶುಭಾಶಯದ ಕಾರ್ಡುಗಳನ್ನು ಮಾರುವ ಆಸೆ ಅವಳಿಗೆ. ನಾನು ಅವಳ ಕೈ ಹಿಡಿದು ಒಂದು ಚಿಟ್ಟೆ ಒತ್ತಿಸಿದೆ. ಎರಡೂ ರೆಕ್ಕೆ ಪೂರ್ತಿ ಮೂಡಿದವು.

“ಆಂಟಿ! ನಿಮಗೆ ಇದೆಲ್ಲಾ ಹೇಗೆ ಗೊತ್ತು?”

“ನನ್ನ ಅರ್ಧ ಆಯುಷ್ಯ ಇದರಾಗ ಹೋಗೇದ ತಂಗಿ. ಈಗೀಗ ರಿಟಾಯರ್ ಆಗೀನಿ.”

“ಅಯ್ಯೋ, ಹಾಗಾದ್ರೆ ನನಗೊಂದು ಪ್ರೊಸೆಸ್ ಡಾಕ್ಯುಮೆಂಟ್ ತರ ಬರ್ಕೊಡಿ ಪ್ಲೀಸ್. ಸ್ಟೆಪ್ ಬೈ ಸ್ಟೆಪ್.”

ಪ್ರೊಸೆಸ್ ಡಾಕ್ಯುಮೆಂಟ್ ಹೇಗಿರುತ್ತದೆಂದು ನನಗೆ ತಿಳಿಯದು. ನೆನಪಾದದ್ದನ್ನು ನೆನಪಾದಂತೆ ಬರೆಯುತ್ತೇನೆ, ಸ್ಟೆಪ್ಪುಗಳನ್ನು ಅವಳೇ ಹುಡುಕಿಕೊಳ್ಳಲಿ. ಈ ಕೆಲಸಕ್ಕೆ ಬರುವ ಬೇರೆ ಹುಡುಗಿಯರೂ ಓದಲಿ. ಓದಿದ ಮೇಲೂ ಈ ಕೆಲಸಕ್ಕೇ ಬರುತ್ತೇನೆ ಎಂದರೆ ನನ್ನ ಆಶೀರ್ವಾದ ಇದೆ.

ನನ್ನ ತವರು ಬಾಗಲಕೋಟೆ ಕಡೆ. ನಮ್ಮ ಯಜಮಾನರು ಪಿಂಪರಿಯ ಒಂದು ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಆಕುರ್ಡಿಯಲ್ಲಿ ವೃಂದಾತಾಯಿ (ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ) ಎಂಬ ಮರಾಠಿ ಹೆಣ್ಣುಮಗಳು ಕಾರ್ಡು ಮಾಡುವ ಸಣ್ಣ ಕಾರಖಾನೆ ನಡೆಸುತ್ತಾರೆ, ಚುರುಕು ಕೈಯ ಹೆಂಗಸರು ಬೇಕಂತೆ ಎಂದು ಪಕ್ಕದ ಮನೆಯವರು ಹೇಳಿದರು. ಕಾರಖಾನೆ ಎಂದರೆ ಎರಡು ಕೋಣೆ, ನಾಲ್ಕು ಮೇಜು, ಒಂದು ಕಪಾಟು. ವೃಂದಾತಾಯಿ ಹಿಂದೆ ಶಾಲೆಯಲ್ಲಿ ಚಿತ್ರಕಲೆಯ ಟೀಚರು. ಕೆಲಸ ಬಿಟ್ಟರೂ ಟೀಚರಿಕೆ ಬಿಟ್ಟಿರಲಿಲ್ಲ. ನನ್ನ ಕೈಗೆ ಕಮಲದ ಶಿಕ್ಕಾ ಕೊಟ್ಟು ಒತ್ತು ಎಂದರು. ನಾನು ಪೋಸ್ಟಾಫೀಸಿನವರ ಹಾಗೆ ಧಡ್ ಎಂದು ಒತ್ತಿದೆ. ಕಮಲದ ಬದಲು ಹೂಕೋಸು ಮೂಡಿತು.

“ಮನೆಯಲ್ಲಿ ಚಪಾತಿ ಮಾಡ್ತೀಯಾ?” ಎಂದು ಮರಾಠಿಯಲ್ಲಿ ಕೇಳಿದರು.

“ಇಲ್ರಿ, ಜ್ವಾಳದ ರೊಟ್ಟಿ ಬಡೀತೀನಿ,” ಎಂದು ನಾನು ನನಗೆ ಬರುತ್ತಿದ್ದ ಹರಕು ಮರಾಠಿಯಲ್ಲಿ ಹೇಳಿದೆ.

“ಅದೇ ತೊಂದರೆ. ನಿನ್ನದು ಬಡಿಯುವ ಕೈ. ನನಗೆ ಮುಟ್ಟುವ ಕೈ ಬೇಕು.”

ನನಗೆ ಸಿಟ್ಟು ಬಂತು. ರೊಟ್ಟಿ ಬಡಿಯುವುದೇನು ಸಣ್ಣ ವಿದ್ಯೆಯೇ? ಆ ಸಿಟ್ಟಿನಲ್ಲೇ ಕೆಲಸಕ್ಕೆ ಸೇರಿದೆ. ಹೊಸದಾಗಿ ಬರುವವರಿಗೆ ಮೊದಲು ಹೇಳಬೇಕಾದದ್ದು ಇದು: ಶಿಕ್ಕಾವನ್ನು ಪ್ಯಾಡಿಗೆ ಗುದ್ದಬಾರದು. ಶಿಕ್ಕಾವನ್ನು ಮಗುಚಿ ಹಿಡಿದು, ಪ್ಯಾಡನ್ನೇ ಅದಕ್ಕೆ ಹಗುರಾಗಿ ತಾಗಿಸಿ ಶಾಯಿ ಹತ್ತಿಸಬೇಕು. ಕಾಗದದ ಮೇಲೆ ನೇರ ಇಡಬೇಕು, ಅಂಗೈಯಿಂದ ಒತ್ತಬೇಕು, ಅಲುಗಿಸದೆ ನೇರ ಎತ್ತಬೇಕು. ಆ ಹೊತ್ತಿಗೆ ಯಾರಾದರೂ ಕರೆದರೂ ತಿರುಗಬಾರದು. ನಮ್ಮಲ್ಲಿ ಹಾಳಾದ ಕಾರ್ಡುಗಳಲ್ಲಿ ಅರ್ಧಕ್ಕರ್ಧ ಹಾಳಾದದ್ದು ಚಹಾ ಬಂತು ಎಂದು ಯಾರೋ ಕೂಗಿದಾಗ.

ಕಾಗದದ ಮಾತು ಬೇರೆ. ನಾವು ಬಳಸುತ್ತಿದ್ದದ್ದು ಹತ್ತಿಬಟ್ಟೆಯ ಚೂರುಗಳಿಂದ ಕೈಯಲ್ಲೇ ಮಾಡಿದ ದಪ್ಪ ಕಾಗದ. ಕೆಲವದರಲ್ಲಿ ಚೆಂಡುಹೂವಿನ ಎಸಳು, ಕೆಲವದರಲ್ಲಿ ಹುಲ್ಲಿನ ಎಳೆ ಸೇರಿರುತ್ತಿದ್ದವು. ಇಂಥ ಕಾಗದವನ್ನು ಕತ್ತರಿಯಿಂದ ಕತ್ತರಿಸಿದರೆ ಅದರ ಅಂದವೇ ಹೋಗುತ್ತದೆ. ಒದ್ದೆ ಕುಂಚದಿಂದ ಗೆರೆ ಎಳೆದು, ಅಳತೆಪಟ್ಟಿ ಇಟ್ಟು ನಿಧಾನಕ್ಕೆ ಹರಿಯಬೇಕು. ಅಂಚಿನಲ್ಲಿ ನವಿರಾದ ನಾರು ಏಳುತ್ತದೆ. ನಮ್ಮ ಯಜಮಾನರಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. “ಕಾಗದ ಹರಿಯೂದಕ್ಕ ಪಗಾರ ಕೊಡ್ತಾರಂದ್ರ ನಮ್ಮ ಮಕ್ಕಳು ಸಣ್ಣವರಿದ್ದಾಗ ಭಾಳ ಗಳಿಸಬೇಕಿತ್ತು ನೋಡು,” ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಮಳೆಗಾಲದಲ್ಲಿ ಆ ಕಾಗದ ಹಪ್ಪಳದಂತೆ ಸೊಟ್ಟಗಾಗುತ್ತಿತ್ತು. ಹಾಳೆಗಳನ್ನು ಹಾಸಿಗೆಯ ಕೆಳಗಿಟ್ಟು ಅದರ ಮೇಲೆ ಮಲಗಿ ನೆಟ್ಟಗೆ ಮಾಡಿದ್ದೂ ಉಂಟು. ಮಲಗುವ ಕೆಲಸಕ್ಕೆ ಮಾತ್ರ ಯಜಮಾನರು ತಕರಾರಿಲ್ಲದೆ ಸಹಾಯ ಮಾಡಿದರು.

ವೃಂದಾತಾಯಿಯ ತಲೆಯಲ್ಲಿ ಯಾವಾಗಲೂ ಹೊಸ ಉಪಾಯಗಳು ಓಡುತ್ತಿದ್ದವು, ಅವುಗಳ ಹಿಂದೆ ನಾವು ಓಡುತ್ತಿದ್ದೆವು. ಒಂದು ದೀಪಾವಳಿಗೆ ಕಂಪನಿಯೊಂದರವರು ದೊಡ್ಡ ಆರ್ಡರ್ ಕೊಟ್ಟರು. ಕಾರ್ಡು ತೆರೆದ ಕೂಡಲೇ ಗುಲಾಬಿಯ ಪರಿಮಳ ಬರಬೇಕು ಎಂದು ತಾಯಿಗೆ ಹೊಳೆಯಿತು. ಮೈದಾ ಅಂಟಿಗೆ ಗುಲಾಬಿನೀರು ಬೆರೆಸಿದರು. ಅಂಟು ಹೊಳಪಾಗಲಿ ಎಂದು ಸಕ್ಕರೆಯನ್ನೂ ಹಾಕಿದರು. ಹುಳ ಹಿಡಿಯದಂತೆ ಹಾಕುವ ಮೈಲುತುತ್ತವನ್ನು ಪರಿಮಳ ಕೆಡುತ್ತದೆಂದು ಬಿಟ್ಟರು. ಕಾರ್ಡುಗಳು ಬಲು ಚೆನ್ನಾಗಿ ಬಂದವು. ಒಂದು ವಾರದ ನಂತರ ಕಂಪನಿಯಿಂದ ಫೋನು. “ಮ್ಯಾಡಂ, ನಿಮ್ಮ ಕಾರ್ಡುಗಳು ನಡೆದಾಡ್ತಾ ಇವೆ.” ಪೆಟ್ಟಿಗೆಯ ತುಂಬ ಕೆಂಪಿರುವೆ.

ವೃಂದಾತಾಯಿ ಒಂದು ಕ್ಷಣವೂ ತಡವರಿಸಲಿಲ್ಲ. “ನಮ್ಮ ಅಂಟಿನಲ್ಲಿ ವಿಷ ಇಲ್ಲ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕೇ?” ಎಂದರು. ಫೋನಿಟ್ಟ ಮೇಲೆ ನಮ್ಮ ಕಡೆ ತಿರುಗಿ, ಎಲ್ಲ ಕಾರ್ಡುಗಳನ್ನೂ ಮತ್ತೆ ಮಾಡಬೇಕು, ಯಾರೂ ನಗಬಾರದು ಎಂದರು. ನಾವು ಮತ್ತೆ ಮಾಡಿದೆವು. ನಗಬಾರದು ಎಂಬುದನ್ನು ಮಾತ್ರ ಪಾಲಿಸಲು ಆಗಲಿಲ್ಲ.

ಗಿರಾಕಿಗಳೂ ಕಡಿಮೆಯವರಲ್ಲ. ಒಮ್ಮೆ ಒಬ್ಬ ಮಧ್ಯವಯಸ್ಸಿನ ಗೃಹಸ್ಥರು ಬಂದು, ಸಿಟ್ಟಾದ ಹೆಂಡತಿಗೆ ಕಾರ್ಡು ಬೇಕು ಎಂದರು. ಒಳಗೆ ಸಾರಿ ಎಂದು ಬರೆಯಲೇ ಎಂದು ಕೇಳಿದೆ. ಅವರು ಗಾಬರಿಯಾದರು. ಸಾರಿ ಎಂದು ಬರೆದರೆ ಯಾವುದಕ್ಕೆ ಎಂದು ಕೇಳುತ್ತಾಳೆ, ನನಗೆ ಯಾವುದಕ್ಕೆ ಅಂತ ಗೊತ್ತಿಲ್ಲ ಎಂದರು. ಕೊನೆಗೆ ಒಂದು ಪ್ರೆಶರ್ ಕುಕ್ಕರಿನ ಶಿಕ್ಕಾ ಒತ್ತಿ, ಅದರ ಸೀಟಿಯ ಮೇಲೆ ಉಗಿಯ ಬದಲು ಹೂಗಳನ್ನು ಒತ್ತಿ ಕೊಟ್ಟೆ. ಮರುವಾರ ಅವರ ಹೆಂಡತಿಯೇ ಬಂದರು, ಗಂಡನಿಗೊಂದು ಕಾರ್ಡು ಬೇಕೆಂದು. ಕುಕ್ಕರಿನ ಒಳಗೆ ಅವರನ್ನು ಕೂರಿಸಿರುವಂತೆ ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರು.

ಈಗ ಕನ್ನಡಿಯ ವಿಷಯ ಹೇಳಬೇಕು. ಶಿಕ್ಕಾದಲ್ಲಿ ಎಲ್ಲವೂ ತಿರುವುಮುರುವು. ರಬ್ಬರಿನ ಮೇಲೆ ಎಡಕ್ಕೆ ಮುಖ ಮಾಡಿದ ಗಿಳಿ ಕಾಗದದ ಮೇಲೆ ಬಲಕ್ಕೆ ನೋಡುತ್ತದೆ. ಆದ್ದರಿಂದ ಚಿತ್ರವನ್ನು ಮೊದಲು ತೆಳುಕಾಗದದ ಮೇಲೆ ಬರೆದು, ಅದನ್ನು ಮಗುಚಿ ರಬ್ಬರಿನ ಮೇಲೆ ಇಳಿಸಿ, ಆಮೇಲೆ ಸಣ್ಣ ಉಳಿಯಿಂದ ಕೊರೆಯಬೇಕು. ಕೊರೆದ ಪ್ರತಿ ಶಿಕ್ಕಾವನ್ನೂ ಗೋಡೆಯ ಕನ್ನಡಿಗೆ ತೋರಿಸಿಯೇ ಶಾಯಿ ಮುಟ್ಟಿಸಬೇಕು ಎಂಬುದು ವೃಂದಾತಾಯಿಯ ಕಟ್ಟಳೆ. ಕನ್ನಡಿಯಲ್ಲಿ ಕಂಡಂತೆಯೇ ಕಾಗದದ ಮೇಲೆ ಮೂಡುತ್ತದೆ. ಹೊಸ ಮದುಮಗಳನ್ನು ತೋರಿಸಿದಷ್ಟೇ ಗಂಭೀರವಾಗಿ ನಾವು ಹೊಸ ಶಿಕ್ಕಾವನ್ನು ಕನ್ನಡಿಯ ಮುಂದೆ ಹಿಡಿಯುತ್ತಿದ್ದೆವು.

ಆಮೇಲೆ ಕಾಲ ಬದಲಾಯಿತು. ಬಾಡಿಗೆಯ ಜಾಗ ಬಿಡಬೇಕಾಗಿ ಕಾರಖಾನೆ ಕೊಂಢವಾಕ್ಕೆ ಹೋಯಿತು. ನಾನು ನಿಗಡಿಯಿಂದ ಎರಡು ಬಸ್ಸು ಹಿಡಿದು ಹೋಗಿ ಬರುತ್ತಿದ್ದೆ. ಹಳೆಯವರು ಬಹುತೇಕ ಬಿಟ್ಟುಹೋದರು. ಅಲ್ಲಿ ನಸೀಮಾ ಎಂಬ ಸ್ಥಳೀಯ ಹೆಣ್ಣುಮಗಳು ಸೇರಿದಳು. ಹಸಿ ಶಾಯಿಯ ಮೇಲೆ ಚಿನ್ನದ ಬಣ್ಣದ ಪುಡಿ ಉದುರಿಸಿ ಬಿಸಿಗಾಳಿ ಊದಿದರೆ ಚಿತ್ರ ಉಬ್ಬಿ ಹೊಳೆಯುತ್ತದೆ. ಆ ಕೆಲಸದಲ್ಲಿ ನಸೀಮಾಳನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಹಬ್ಬದ ದಿನ ಎಲ್ಲರ ಫೋನಿಗೂ ದೀಪ, ಹೂವು ಪುಕ್ಕಟೆಯಾಗಿ ಬರತೊಡಗಿದ ಮೇಲೆ ಕಾರ್ಡು ಕೊಳ್ಳುವವರು ಕಡಿಮೆಯಾದರು. ಇನ್ನು ಮುಗಿಯಿತು ಎಂದುಕೊಂಡೆವು. ಆದರೆ ಫೋನಿನ ಹೂವು ನೋಡಿ ನೋಡಿ ಬೇಜಾರಾದವರು ಕೈಯಲ್ಲಿ ಮಾಡಿದ್ದನ್ನು ಹುಡುಕಿಕೊಂಡು ಮತ್ತೆ ಬಂದರು.

ಶಿಕ್ಕಾ ಮಾಡುವ ರೀತಿಯೂ ಬದಲಾಯಿತು. ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ ಯಂತ್ರವೇ ಅದನ್ನು ಮಗುಚಿಕೊಂಡು ಕೂದಲೆಳೆಯಷ್ಟು ಸಣ್ಣ ಗೆರೆಯನ್ನೂ ಕೊರೆದು ಕೊಡುತ್ತಿತ್ತು. ಗೋಡೆಯ ಕನ್ನಡಿಗೆ ಕೆಲಸವಿಲ್ಲದಂತಾಗಿ, ನಸೀಮಾ ಅದರಲ್ಲಿ ದುಪಟ್ಟಾ ಸರಿಮಾಡಿಕೊಳ್ಳತೊಡಗಿದಳು. ವೃಂದಾತಾಯಿಗೆ ಮಾತ್ರ ಆ ಯಂತ್ರದ ಮೇಲೆ ಹೊಟ್ಟೆಕಿಚ್ಚು. ನನ್ನ ಕೈಗೆ ಇನ್ನೂ ತುಕ್ಕು ಹಿಡಿದಿಲ್ಲ, ಒಂದು ದಿನ ತೋರಿಸುತ್ತೇನೆ ಎನ್ನುತ್ತಿದ್ದರು. ಆ ದಿನ ಸುಧಾಕರ ರಾಯರ ರೂಪದಲ್ಲಿ ಬಂತು.

ಸುಧಾಕರ ರಾಯರು ಉಡುಪಿ ಕಡೆಯವರು. ಕೊಂಢವಾದ ನಮ್ಮ ಕಾರಖಾನೆಯ ಎದುರಿಗೇ ಅವರ ಹೋಟೆಲು. ಕನ್ನಡ ಮಾತಾಡಲು ಸಿಕ್ಕ ಸಂತೋಷಕ್ಕೆ ನನ್ನ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿಸಿ ಕಳಿಸುತ್ತಿದ್ದರು, ಬೇಡವೆಂದರೂ ಕೇಳುತ್ತಿರಲಿಲ್ಲ. ಚೌತಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಮುಖ ಸಣ್ಣದು ಮಾಡಿಕೊಂಡು ಬಂದರು.

“ಸರೋಜಕ್ಕ, ನನಗೊಂದು ಕಾರ್ಡು ಬೇಕಿತ್ತು ಮಾರಾಯ್ರೆ. ಅಣ್ಣನಿಗೆ.”

ಅವರ ಅಣ್ಣ ವಾಸುದೇವ ರಾಯರನ್ನು ನಾನು ಬಲ್ಲೆ. ನಿಗಡಿಯ ನಮ್ಮ ಬಸ್‌ಸ್ಟಾಪಿನ ಹತ್ತಿರ ಅವರ ಹೋಟೆಲು. ಅಣ್ಣತಮ್ಮಂದಿರು ಮೊದಲು ಒಂದೇ ಹೋಟೆಲು ನಡೆಸುತ್ತಿದ್ದರಂತೆ. ಪುಣೆಯವರ ನಾಲಿಗೆಗೆ ಒಗ್ಗಲಿ ಎಂದು ಸುಧಾಕರ ರಾಯರು ಸಾಂಬಾರಿಗೆ ಬೆಲ್ಲ ಹೆಚ್ಚು ಹಾಕಿದರು. ಇದು ಸಾಂಬಾರೋ ಪಾಯಸವೋ ಎಂದು ಅಣ್ಣ ಗಿರಾಕಿಗಳ ಮುಂದೆಯೇ ಕೂಗಾಡಿ ಇಡೀ ಹಂಡೆಯನ್ನು ಮೋರಿಗೆ ಸುರಿದರು. ಸುಧಾಕರ ರಾಯರು ಸೊಂಟಕ್ಕೆ ಕಟ್ಟಿದ ಟವೆಲ್ಲಿನಲ್ಲೇ ಹೊರಟುಬಂದರು. ಅಲ್ಲಿಂದ ಮಾತಿಲ್ಲ.

“ನಮ್ಮ ಅಶ್ವಿನಿಯ ಮದುವೆ ನಿಶ್ಚಯ ಆಗಿದೆ,” ಎಂದರು ಸುಧಾಕರ ರಾಯರು. “ಅವಳು ದೊಡ್ಡಪ್ಪನ ಹೆಗಲ ಮೇಲೆ ಬೆಳೆದವಳು. ದೊಡ್ಡಪ್ಪ ಬಾರದೆ ಹಸೆಗೆ ಕೂರುವುದಿಲ್ಲ ಅಂತ ಹಟ. ನಾನು ಮೂರು ಸಲ ಹೋಗಿ ಬಾಗಿಲಲ್ಲೇ ನಿಂತು ಬಂದೆ. ಫೋನು ಎತ್ತುವುದಿಲ್ಲ. ಪತ್ರ ಹಾಕಿದರೆ ಕವರಿನ ಮೇಲೆ ನನ್ನ ಅಕ್ಷರ ನೋಡಿ ಹಾಗೇ ಒಲೆಗೆ ಹಾಕ್ತಾನಂತೆ. ನೀವು ಅವನು ಒಲೆಗೆ ಹಾಕಲಿಕ್ಕೆ ಆಗದಂಥದ್ದು ಎಂತದಾದರೂ ಮಾಡಿಕೊಡಿ.”

ಇಷ್ಟು ಹೇಳಿ ಆ ದೊಡ್ಡ ಮನುಷ್ಯ ಕಣ್ಣೊರೆಸಿಕೊಂಡರು. ಕವರೇ ಬೇಡ, ಮೇಲೆಯೇ ಗಣಪತಿ ಕಾಣಲಿ, ದೇವರನ್ನು ಯಾರು ಒಲೆಗೆ ಹಾಕುತ್ತಾರೆ ಎಂದೆ. ವೃಂದಾತಾಯಿಗೆ ವಿಷಯವನ್ನು ಮರಾಠಿಯಲ್ಲಿ ಹೇಳಿದ್ದೇ ತಡ, ಈ ಗಣಪತಿಯನ್ನು ಯಂತ್ರ ಮುಟ್ಟಕೂಡದು, ನಾನೇ ಕೊರೆಯುತ್ತೇನೆ ಎಂದು ಕನ್ನಡಕ ಏರಿಸಿದರು.

ಏನು ಕೈ ಅದು! ತೆಳುಕಾಗದ ಬೇಡ ಎಂದು ನೇರವಾಗಿ ರಬ್ಬರಿನ ಮೇಲೆಯೇ ಬರೆದರು. ಮೊರದಂಥ ಕಿವಿ, ಸಣ್ಣ ಕಣ್ಣು, ಮೋದಕದ ಕಡೆಗೆ ಬಾಗಿದ ಸೊಂಡಿಲು. ನಾವು ಬಾಯಿ ತೆರೆದುಕೊಂಡು ನೋಡಿದೆವು. ಕನ್ನಡಿಗೆ ತೋರಿಸುವ ಮಾತು ಯಾರೂ ಎತ್ತಲಿಲ್ಲ. ಕನ್ನಡಿಯ ಕಟ್ಟಳೆ ಮಾಡಿದವರ ಶಿಕ್ಕಾಕ್ಕೇ ಕನ್ನಡಿ ಹಿಡಿಯುವ ಧೈರ್ಯ ಯಾರಿಗಿತ್ತು? ಚೆಂಡುಹೂವಿನ ಎಸಳಿದ್ದ ಕಾಗದದ ಮೇಲೆ ಒತ್ತಿದೆವು. ನಸೀಮಾ ಚಿನ್ನದ ಪುಡಿ ಉದುರಿಸಿ ಬಿಸಿಗಾಳಿ ಊದಿದಳು. ಗಣಪತಿ ಥಳಥಳ ಹೊಳೆದ. ಆ ಹೊಳಪಿನಲ್ಲಿ ಬೇರೇನೂ ನಮಗೆ ಕಾಣಲಿಲ್ಲ. ಸುಧಾಕರ ರಾಯರು ಒಳಗೆ ತಾವೇ ಒಂದು ಸಾಲು ಬರೆದರು: “ಅಶ್ವಿನಿಯ ಮದುವೆ. ಅಣ್ಣ, ನೀನು ಬರಬೇಕು.”

ತಲುಪಿಸುವ ಕೆಲಸ ನಿಗಡಿಯವಳಾದ ನನಗೇ ಬಂತು. ಸಂಜೆ ಬಸ್ಸಿಳಿದು ವಾಸುದೇವ ರಾಯರ ಹೋಟೆಲಿಗೆ ಹೋದೆ. ಹಣದ ಗಲ್ಲೆಯಲ್ಲಿ ಕೂತಿದ್ದರು. ಕಾರ್ಡು ಕೊಟ್ಟೆ. ಗಣಪತಿಯನ್ನು ಕಂಡು ಕಣ್ಣಿಗೊತ್ತಿಕೊಂಡರು.

“ಯಾರು ಕೊಟ್ಟದ್ದು?”

“ಕೊಂಢವಾದಿಂದ ನಿಮ್ಮ ತಮ್ಮ ಕಳಿಸ್ಯಾರ್ರಿ.”

ಮುಖ ಬಿಗಿದುಕೊಂಡಿತು. ಕಾರ್ಡನ್ನು ನನ್ನ ಕಡೆ ವಾಪಸ್ ತಳ್ಳುವವರಂತೆ ಕೈ ಚಾಚಿದರು. ಮತ್ತೊಮ್ಮೆ ಚಿತ್ರದ ಕಡೆ ನೋಡಿದರು. ಚಾಚಿದ ಕೈ ಹಾಗೇ ನಿಂತಿತು. ಅವಸರದಿಂದ ಎದ್ದು ಚಪ್ಪಲಿ ಬಿಟ್ಟರು, ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋದರು, ಹೊರಗೆ ಬರಲೇ ಇಲ್ಲ. ನಮ್ಮ ಕಾರ್ಡಿನ ಮಹಿಮೆ ಎಂದು ನಾನು ಹಿಗ್ಗಿದೆ. ಮರುದಿನ ಸುಧಾಕರ ರಾಯರಿಗೆ ಹೇಳಿ ಅವರನ್ನೂ ಹಿಗ್ಗಿಸಿದೆ. ಆದರೆ ಚೌತಿ ಬಂತು, ಫೋನು ಬರಲಿಲ್ಲ. ಒಂದೂವರೆ ದಿನದ ಗಣಪತಿಗಳೆಲ್ಲ ನೀರಿಗೆ ಹೋದವು, ಆಗಲೂ ಸುದ್ದಿಯಿಲ್ಲ. ಸುಧಾಕರ ರಾಯರು ಚಹಾ ಕಳಿಸಿ ಎದುರಿನ ಕಿಟಕಿಯಿಂದ ನನ್ನ ಮುಖ ನೋಡುತ್ತಿದ್ದರು. ನಾನು ಕಿಟಕಿಗೆ ಬೆನ್ನು ಮಾಡಿ ಚಹಾ ಕುಡಿಯುತ್ತಿದ್ದೆ.

ಹಬ್ಬದ ಗದ್ದಲ ಇನ್ನೂ ನಡೆದಿತ್ತು. ಒಂದು ಬೆಳಿಗ್ಗೆ ನಮ್ಮ ಕಾರಖಾನೆಯ ಮುಂದೆ ಕಾರು ನಿಂತಿತು. ಕಾರ್ಡಿನ ಹಿಂದಿನ ವಿಳಾಸ ಹುಡುಕಿಕೊಂಡು ವಾಸುದೇವ ರಾಯರು ಮಡಿಯುಟ್ಟು, ಬರಿಗಾಲಲ್ಲಿ, ಕೆಂಪು ವಸ್ತ್ರ ಮುಚ್ಚಿದ ಹಿತ್ತಾಳೆಯ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ವಸ್ತ್ರ ಸರಿಸಿದರು. ಒಳಗೆ ನಮ್ಮ ಕಾರ್ಡು. ಅದರ ಮೇಲೆ ಗರಿಕೆ, ಕೆಂಪು ಹೂವು.

“ಇದನ್ನು ಮಾಡಿದವರು ಯಾರು?” ಎಂದು ಗುಡುಗಿದರು.

“ನಾವ ಮಾಡೀವ್ರಿ. ಯಾಕ್ರಿ ರಾಯರ, ಏನಾತು?”

“ಸೊಂಡಿಲು ನೋಡಿ. ಬಲಕ್ಕುಂಟು!”

ನಾವು ಬಗ್ಗಿ ನೋಡಿದೆವು. ನಮಗೆ ಎಡಕ್ಕೆ ಕಂಡಿತು. ಎಡಕ್ಕೇ ಇದೆಯಲ್ಲ ಎಂದೆ. ನಿಮ್ಮ ಎಡವಲ್ಲ, ದೇವರ ಬಲ ಎಂದರು. ಯಾರ ಎಡ ಯಾರ ಬಲ ಎಂದು ಗೊಂದಲವಾಗಿ ನಾನು ಅವರ ಎದುರು ಗಣಪತಿಯಂತೆ ನಿಂತು, ಒಂದು ಕೈಯನ್ನು ಮೂಗಿನ ಮುಂದೆ ಸೊಂಡಿಲಾಗಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದೆ. ನಸೀಮಾ ನನ್ನ ಪಕ್ಕದಲ್ಲಿ ತಾನೂ ಸೊಂಡಿಲು ಮಾಡಿಕೊಂಡಳು. ಹೌದು, ದೇವರ ಬಲಕ್ಕೇ ಇತ್ತು. ತಾಯಿ ರಬ್ಬರಿನ ಮೇಲೆ ನೆಟ್ಟಗೆ ಬರೆದದ್ದು ಕಾಗದದ ಮೇಲೆ ಮಗುಚಿ ಮೂಡಿತ್ತು.

“ಅಗ ಬಾಈ! ಉಜವ್ಯಾ ಸೋಂಡೇಚಾ!” ಎಂದು ವೃಂದಾತಾಯಿ ಕುರ್ಚಿಯಲ್ಲಿ ಕುಸಿದರು. ಬಲಕ್ಕೆ ತಿರುಗಿದ ಸೊಂಡಿಲಿನ ಗಣಪತಿ ಎಂದರೆ ಪುಣೆಯವರು ಎಷ್ಟು ಹೆದರುತ್ತಾರೆಂದು ಇಲ್ಲಿ ಇದ್ದವರಿಗೆಲ್ಲ ಗೊತ್ತು. ಬಲು ಕಡಕ್ ದೇವರು. ಮನೆಗೆ ಬಂದರೆ ಮಡಿ, ಪೂಜೆ, ನೈವೇದ್ಯ ಒಂದು ಹೊತ್ತೂ ತಪ್ಪುವಂತಿಲ್ಲ. ಕಪಾಟಿನಲ್ಲಿ ಇಡುವಂತಿಲ್ಲ, ಎಸೆಯುವಂತಿಲ್ಲ. ಉಡುಪಿಯವರಿಗೂ ಬಲಮುರಿಯ ಭಯಭಕ್ತಿ ಕಡಿಮೆಯಿಲ್ಲ ಎಂದು ಅವತ್ತು ತಿಳಿಯಿತು.

“ಬೆಳಿಗ್ಗೆ ತಣ್ಣೀರು ಸ್ನಾನ,” ಎಂದು ವಾಸುದೇವ ರಾಯರು ಬೆರಳು ಮಡಿಸತೊಡಗಿದರು. “ಮಧ್ಯಾಹ್ನ ನೈವೇದ್ಯ, ಸಂಜೆ ಆರತಿ. ನಾನು ಹೋಟೆಲಿನವನು ಮಾರಾಯ್ರೆ, ಅಲ್ಲಿ ಮೂಟೆಗಟ್ಟಲೆ ಈರುಳ್ಳಿ ಹೆಚ್ಚುತ್ತಾರೆ. ಆ ಗಾಳಿ ಸೋಕಿದರೂ ಮತ್ತೆ ಸ್ನಾನ! ಗಲ್ಲೆಯಲ್ಲಿ ಕೂರುವವರಿಲ್ಲ. ನನಗೆ ಶೀತ ಬೇರೆ ಆಗಿದೆ. ತೆಗೆದುಕೊಳ್ಳಿ ನಿಮ್ಮ ಗಣಪತಿಯನ್ನು!”

ತಟ್ಟೆಯನ್ನು ವೃಂದಾತಾಯಿಯ ಕಡೆ ಚಾಚಿದರು. ತಾಯಿ ಕುರ್ಚಿಯ ಸಮೇತ ಹಿಂದೆ ಸರಿದರು. ನನ್ನ ಕಡೆ ಚಾಚಿದರು. ನಾನು ಬಸ್ಸಿನಲ್ಲಿ ಬಂದವಳು, ಮುಟ್ಟಲಾರೆ ಎಂದೆ. ಕೊರೆದ ಶಿಕ್ಕಾವನ್ನು ಈಗಲೇ ಒಡೆದುಹಾಕುತ್ತೇನೆ ಎಂದು ತಾಯಿ ಕೈಗೆತ್ತಿಕೊಂಡರು. ನೋಡಿದರೆ ರಬ್ಬರಿನ ಮೇಲಿನ ಗಣಪತಿಯ ಸೊಂಡಿಲು ಸರಿಯಾಗಿ ದೇವರ ಎಡಕ್ಕೇ ಇದೆ. ಅವನದೇನೂ ತಪ್ಪಿಲ್ಲವಲ್ಲ ಎಂದು ಅದಕ್ಕೆ ಕೈಮುಗಿದು ಕೆಳಗಿಟ್ಟರು.

ನಸೀಮಾಗೆ ಈ ಪೇಚಾಟ ಸಾಕಾಯಿತು. ಕೊಟ್ಟವರು ಎದುರಿನ ಹೋಟೆಲಿನಲ್ಲೇ ಇದ್ದಾರಲ್ಲ, ಅವರನ್ನೇ ಕೇಳಿ ಎಂದವಳೇ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, “ಅಣ್ಣಾ, ಜಲ್ದೀ ಊಪರ್ ಆವೋ!” ಎಂದು ಕೂಗಿದಳು. ಅವಳಿಗೆ ಬರುವ ಒಂದೇ ಕನ್ನಡ ಪದ ಅಣ್ಣ. ಸುಧಾಕರ ರಾಯರು ದೋಸೆಹಿಟ್ಟಿನ ಕೈಯಲ್ಲೇ ಓಡಿಬಂದರು. ಬಾಗಿಲಲ್ಲಿ ಅಣ್ಣನನ್ನು ಕಂಡು ಅಲ್ಲೇ ನಿಂತ ಅವರ ಕೈಯಿಂದ ಹಿಟ್ಟು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಮಾತು ಶುರುವಾಯಿತು, ತುಳುವಿನಲ್ಲಿ. ಅಣ್ಣ ಕೂಗಿದರು. ತಮ್ಮ ಕೂಗಿದರು. ನನಗಾಗಲಿ ಉಳಿದಿಬ್ಬರಿಗಾಗಲಿ ಒಂದಕ್ಷರ ತಿಳಿಯಲಿಲ್ಲ, ನಡುನಡುವೆ ಸಾಂಬಾರು ಎಂಬ ಪದವೊಂದನ್ನು ಬಿಟ್ಟು. ಇಷ್ಟು ವರ್ಷ ಆಡದೆ ಉಳಿದದ್ದನ್ನೆಲ್ಲ ಇಬ್ಬರೂ ಆಗಲೇ ಆಡಿ ಮುಗಿಸುವಂತೆ ಕಂಡರು. ವೃಂದಾತಾಯಿ ಹೆದರಿ ನನ್ನ ಕೈ ಹಿಡಿದುಕೊಂಡಿದ್ದರು. ನನಗೆ ಮಾತ್ರ ಸಮಾಧಾನವಾಗತೊಡಗಿತು. ಮಾತೇ ಇಲ್ಲದವರು ಕಡೇ ಪಕ್ಷ ಬೈದಾಡುತ್ತಿದ್ದರಲ್ಲ.

ಅಷ್ಟರಲ್ಲಿ ವಾಸುದೇವ ರಾಯರು ಗೋಡೆಯ ಗಡಿಯಾರ ನೋಡಿ ಅರ್ಧ ಬೈಗುಳದಲ್ಲಿ ನಿಂತರು.

“ಅಯ್ಯಯ್ಯೋ, ನೈವೇದ್ಯದ ಹೊತ್ತು!” ಎಂದು ನನ್ನ ಕಡೆ ನೋಡಿದರು. “ಈ ಟ್ರಾಫಿಕ್ಕಿನಲ್ಲಿ ನಿಗಡಿ ಮುಟ್ಟುವುದು ಯಾವಾಗ?”

ಸುಧಾಕರ ರಾಯರು ಪಂಚೆಗೆ ಕೈ ಒರೆಸಿಕೊಂಡರು. “ನನ್ನ ಅಡುಗೆಮನೆ ಉಂಟಲ್ಲ ಅಣ್ಣ. ಬಾ,” ಎಂದರು. ನಮಗೂ ತಿಳಿಯಲಿ ಎಂದೋ ಏನೋ, ಕನ್ನಡದಲ್ಲೇ ಹೇಳಿದರು.

ಅಣ್ಣ ತಟ್ಟೆ ಹಿಡಿದು ತಮ್ಮನ ಹಿಂದೆ ಇಳಿದರು.

ಆವತ್ತು ಕೊಂಢವಾದ ಆ ಹೋಟೆಲಿನ ಈರುಳ್ಳಿ ಬುಟ್ಟಿಗಳೆಲ್ಲ ಫುಟ್‌ಪಾತಿಗೆ ಬಂದವು. ಊಟಕ್ಕೆ ಬಂದ ಗಿರಾಕಿಗಳನ್ನು ವೃಂದಾತಾಯಿ ಬಾಗಿಲಲ್ಲಿ ನಿಂತು, ಒಳಗೆ ಕಡಕ್ ದೇವರಿದ್ದಾನೆ, ಆಮೇಲೆ ಬನ್ನಿ ಎಂದು ಟೀಚರ ದನಿಯಲ್ಲಿ ವಾಪಸ್ ಕಳಿಸಿದರು. ಅಡುಗೆಮನೆ ತೊಳೆದರು. ಸುಧಾಕರ ರಾಯರು ಸ್ನಾನ ಮಾಡಿ ಬಂದರು. ಇಬ್ಬರೂ ಒಲೆಯ ಮುಂದೆ ನಿಂತರು. ಅಣ್ಣ ಒಗ್ಗರಣೆಗೆ ಎಣ್ಣೆ ಕಾಯಿಸಿ, ತಿರುಗಿ ನೋಡದೆಯೇ ಪಕ್ಕಕ್ಕೆ ಕೈ ಚಾಚಿದರು. ತಮ್ಮ ಆ ಕೈಯಲ್ಲಿ ಇಂಗಿನ ಡಬ್ಬಿ ಇಟ್ಟರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಅಳು ಬಂತು. ಒಗ್ಗರಣೆಯ ಘಾಟು ಎಂದು ಎಲ್ಲರಿಗೂ ಹೇಳಿದೆ.

ನೈವೇದ್ಯವಾಯಿತು. ಊಟಕ್ಕೆ ಕೂತಾಗ ವಾಸುದೇವ ರಾಯರು ಎಲೆಯ ಮುಂದೆ ಕೈಕಟ್ಟಿ ಕೂತರು, ಅನ್ನ ಕಲಸಲಿಲ್ಲ.

“ಎಂತ ಅಣ್ಣ?” ಎಂದರು ತಮ್ಮ.

“ಅಶ್ವಿನಿ ಎಲ್ಲಿ?”

ಸುದ್ದಿ ಮುಟ್ಟಿದ ಅಶ್ವಿನಿ ಸ್ಕೂಟಿ ಹತ್ತಿ ಬಂದಳು. ಹೆಲ್ಮೆಟ್ ತೆಗೆಯುವುದನ್ನೂ ಮರೆತು ದೊಡ್ಡಪ್ಪನ ಕಾಲಿಗೆ ಬಿದ್ದಳು. ಅವರು ಆ ಹೆಲ್ಮೆಟ್ಟಿನ ಮೇಲೆಯೇ ಕೈಯಿಟ್ಟು ಹರಸಿದರು. ಆಮೇಲೆ, “ಮುಹೂರ್ತ ಎಷ್ಟು ಹೊತ್ತಿಗೆ?” ಎಂದು ಕೇಳಿ ಅನ್ನ ಕಲಸಿಕೊಂಡರು.

ಸಂಜೆ ವಾಸುದೇವ ರಾಯರು ನನ್ನನ್ನೂ ಕಾರಿನಲ್ಲಿ ಕರೆದುಕೊಂಡು ಹೊರಟರು. ಗಾಡಿ ಡ್ರೈವರಿನ ಕೈಯಲ್ಲಿ, ಬಲಮುರಿ ಅವರ ತೊಡೆಯ ಮೇಲೆ ತಟ್ಟೆಯಲ್ಲಿದ್ದ. ಸೇತುವೆಯ ಹತ್ತಿರ ಗಾಡಿಗಳು ನಿಂತವು. ಪಕ್ಕದಲ್ಲೇ ವಿಸರ್ಜನೆಯ ನೀರಿನ ತೊಟ್ಟಿ, ಅದರ ಸುತ್ತ ಜನ ಆರತಿ ಮಾಡುತ್ತ ತಮ್ಮ ತಮ್ಮ ಗಣಪತಿಗಳನ್ನು ನೀರಿಗೆ ಬಿಡುತ್ತಿದ್ದರು. ನನಗೆ ಆಗ ಹೊಳೆಯಿತು.

“ರಾಯರ, ನಿಮ್ಮ ಮನಿ ಮಣ್ಣಿನ ಗಣಪತೀನ ತೊಟ್ಟಿಯೊಳಗ ಬಿಟ್ಟು ಬಂದಿರಬೇಕಲ್ರಿ?”

“ಹೌದು. ಒಂದೂವರೆ ದಿನಕ್ಕೆ.”

“ಅವನ ಜೋಡಿ ಇದನ್ನೂ ಪೂಜಾ ಮಾಡಿ ನೀರಾಗ ಬಿಟ್ಟಿದ್ರ ಮುಗೀತಿತ್ತಲ್ರಿ. ದೇವರಿಗೂ ಸಿಟ್ಟಿಲ್ಲ, ನಿಮಗೂ ತ್ರಾಸಿಲ್ಲ. ಇಷ್ಟು ದಿನಾ ತಣ್ಣೀರು ಯಾಕ ಹೊಯ್ಕೊಂಡ್ರಿ?”

ವಾಸುದೇವ ರಾಯರು ತಟ್ಟೆಯ ವಸ್ತ್ರವನ್ನು ಸರಿಮಾಡಿದರು. ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು.

“ಗೊತ್ತುಂಟು. ಬಿಟ್ಟಿದ್ದರೆ ತಮ್ಮನ ಬಾಗಿಲಿಗೆ ಹೋಗಲಿಕ್ಕೆ ನನಗೆ ಬೇರೆ ನೆಪ ಎಲ್ಲಿತ್ತು ಸರೋಜಕ್ಕ?”